ಕಲ್ಪವೃಕ್ಷಗಳ ಗಡಿ

ನಾಡಿನ ಚರಿತ್ರೆಯನ್ನು ಅರಸರ ಪಟ್ಟಾಭಿಷೇಕದಿಂದ ಆರಂಭಿಸುವುದು ನಮ್ಮ ಪಠ್ಯಪುಸ್ತಕಗಳ ರೂಢಿ. ಒಂಬತ್ತನೆಯ ಶತಮಾನದಲ್ಲಿ ಆಚಾರ್ಯ ಜಿನಸೇನರು ರಚಿಸಿದ ಆದಿಪುರಾಣವಾದರೋ ಅದನ್ನು ಮರಗಳ ಕೊರತೆಯಿಂದ ಆರಂಭಿಸುತ್ತದೆ. 941ರಲ್ಲಿ ಪಂಪ ಕವಿಯು ಆದಿನಾಥರ ಚರಿತೆಯನ್ನು ಕನ್ನಡಕ್ಕೆ ತಂದ ಬಳಿಕ ನಮ್ಮ ವಿಮರ್ಶಕರ ಗಮನವೆಲ್ಲ ನೀಲಾಂಜನೆಯ ನೃತ್ಯದಲ್ಲಿಯೂ ಭರತ-ಬಾಹುಬಲಿಯರ ಯುದ್ಧದಲ್ಲಿಯೂ ನೆಲೆಸಿತು. ಕುಲಕರರ ಪ್ರಕರಣವನ್ನು ಬರಿಯ ಪೀಠಿಕೆಯೆಂದು ದಾಟಿಹೋಗುವವರೇ ಹೆಚ್ಚು.

ಆ ಪ್ರಕರಣವನ್ನು ನಿಧಾನವಾಗಿ ಓದಬೇಕು. ಭೋಗಭೂಮಿಯಲ್ಲಿ ಅನ್ನ, ವಸ್ತ್ರ, ಗೃಹ, ಬೆಳಕುಗಳನ್ನು ನೀಡುತ್ತಿದ್ದವು ಹತ್ತು ಬಗೆಯ ಕಲ್ಪವೃಕ್ಷಗಳು. ಜ್ಯೋತಿರಂಗ ವೃಕ್ಷಗಳ ಕಾಂತಿ ಕುಂದಿ ಸೂರ್ಯಚಂದ್ರರು ಕಾಣಿಸಿಕೊಂಡಾಗ ಬೆದರಿದ ಜನರಿಗೆ ಮೊದಲ ಕುಲಕರನಾದ ಪ್ರತಿಶ್ರುತಿಯು ಅಭಯವಿತ್ತನು. ಐದನೆಯವನಾದ ಸೀಮಂಕರನ ಕಾಲಕ್ಕೆ ಮರಗಳು ವಿರಳವಾಗಿ ಕಲಹವೆದ್ದಿತು. ಅವನು ಮಾತಿನಿಂದಲೇ ಮರಗಳಿಗೆ ಎಲ್ಲೆ ಕಟ್ಟಿದನು. ಮಾತು ಸಾಲದಾಗಿ ಆರನೆಯ ಸೀಮಂಧರನು ಗಿಡಪೊದೆಗಳ ಗುರುತಿನಿಂದ ಆ ಎಲ್ಲೆಯನ್ನು ಸ್ಥಿರಪಡಿಸಿದನು. ಮೊದಲ ಐವರಿಗೆ ‘ಹಾ’ ಎಂಬ ವಿಷಾದದ ನುಡಿಯೊಂದೇ ದಂಡವಾಗಿ ಸಾಕಾಗಿತ್ತು. ಸೀಮಂಧರನಿಂದ ಮುಂದೆ ‘ಮಾ’ ಎಂಬ ನಿಷೇಧವೂ, ಕಡೆಯವರ ಕಾಲಕ್ಕೆ ‘ಧಿಕ್’ ಎಂಬ ಧಿಕ್ಕಾರವೂ ಕೂಡಿಕೊಂಡವು. ಗಡಿಯೂ ದಂಡನೀತಿಯೂ ಬಲಿತದ್ದು ಮರ ಸಾಲದೆ ಬಂದ ಕಾಲದಲ್ಲಿ ಎಂಬ ಈ ದರ್ಶನ ಅಸಾಮಾನ್ಯವಾದುದು.

ಆದರೂ ಇಲ್ಲೊಂದು ಆಕ್ಷೇಪವನ್ನು ಎತ್ತಲೇಬೇಕು. ಕಲ್ಪವೃಕ್ಷವು ಇಲ್ಲಿ ಕೇವಲ ದಾತೃ. ಸೀಮಂಕರನು ಗಡಿ ಹಾಕಿದ್ದು ಮನುಷ್ಯರ ಹಿತಕ್ಕೆ, ಮರದ ಹಿತಕ್ಕಲ್ಲ. ವೃಷಭನಾಥರಿಗೆ ಕೇವಲಜ್ಞಾನವಾದ ಆಲದ ಮರ ಮಾತ್ರ ಬೇರೆ: ಅದರಿಂದ ಅವರು ಏನನ್ನೂ ಬೇಡಲಿಲ್ಲ. (ಕೆಂಗೇರಿಯಾಚೆ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಕುಟುಂಬಗಳು ಈ ಸಂಗತಿಯನ್ನು ಮಕ್ಕಳಿಗೆ ಹೇಳುವುದುಂಟೇ?) ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಫಲವಾಗಿ ವನಸ್ಪತಿಯನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಆದರೆ ‘ನಿಷ್ಫಲ’ವೆಂಬ ಆ ಪದದಲ್ಲಿಯೇ ನಾವು ನುಸುಳುವ ಸಂದಿಯನ್ನು ಕಂಡುಕೊಂಡಿದ್ದೇವೆ. ಕಡಿಯುವವನಿಗೆ ಪ್ರಯೋಜನವೊಂದು ಯಾವಾಗಲೂ ಕಾಣುತ್ತದೆ.

2021ರಲ್ಲಿ ಕೆಂಗೇರಿಗೆ ಸಮೀಪದ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವ ಬಂದಾಗಲೂ ಹೇಳಿದ್ದು ಪ್ರಯೋಜನವನ್ನೇ. ಕುರುಚಲು ಕಾಡು ಕಾಡಾಗಿಯೇ ಉಳಿಯಲಿ ಎಂದು ನಾಗರಿಕರು ಪ್ರತಿಭಟಿಸಿದ ಮೇಲೆ ಸರಕಾರ ಅದನ್ನು ಕೈಬಿಟ್ಟಿತು. ಅಂದು ಎಲ್ಲೆಯನ್ನು ಕೇಳಿದ್ದು ಮರದ ಪರವಾಗಿ.

ಬಸದಿಯ ಅಂಗಳದ ಮರವನ್ನು ಸಭಾಭವನಕ್ಕೋ ವಾಹನ ನಿಲುಗಡೆಗೋ ತೆಗೆಯಬೇಕೆಂಬ ವಿಷಯ ಟ್ರಸ್ಟಿನ ಸಭೆಗೆ ಬಂದಾಗ ಅದೇ ಆದಿಪುರಾಣದ ಇನ್ನೊಂದು ಪ್ರಸಂಗವನ್ನು ಓದಬಹುದು. ವ್ರತಿಗಳು ಯಾರೆಂದು ತಿಳಿಯಲು ಭರತ ಚಕ್ರವರ್ತಿಯು ಅರಮನೆಯ ಅಂಗಳದ ತುಂಬ ಹಸಿರು ಮೊಳಕೆ, ಹೂ, ಹಣ್ಣುಗಳನ್ನು ಹರಡಿಸುತ್ತಾನೆ. ಕೆಲವರು ತುಳಿದು ಒಳಬರುತ್ತಾರೆ. ಉಳಿದವರು ಮೊಳಕೆಯಲ್ಲಿ ಜೀವಗಳಿವೆಯೆಂದು ಹೊರಗೆಯೇ ನಿಲ್ಲುತ್ತಾರೆ. ಅವರನ್ನು ಭರತನು ಪ್ರಾಸುಕವಾದ ಬೇರೆ ದಾರಿಯಿಂದ ಕರೆಸಿ ಸನ್ಮಾನಿಸುತ್ತಾನೆ. ಕಟ್ಟಡದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದ ಹೊತ್ತಿನಲ್ಲಿ, ಅಂತಹ ಬೇರೆ ದಾರಿಗೆ ಎಷ್ಟು ಅಡಿ ಜಾಗ ಬೇಕಾದೀತೆಂದು ಯಾರಾದರೂ ಇಂಜಿನಿಯರರನ್ನು ಕೇಳಬೇಕು.