ವಿಧಿ ಮತ್ತು ವರ್ಣನೆ: ಇಂಗ್ಲಿಷ್ ವ್ಯಾಕರಣ ಚಿಂತನೆಯ ಎರಡು ನಿಲುವುಗಳು

ಭಾಷೆ ಹೇಗಿರಬೇಕೆಂದು ವಿಧಿಸುವುದು ಒಂದು ನಿಲುವು; ಹೇಗಿದೆಯೆಂದು ವರ್ಣಿಸುವುದು ಇನ್ನೊಂದು. ಇಂಗ್ಲಿಷ್ ವ್ಯಾಕರಣದ ಚರಿತ್ರೆಯನ್ನು ಈ ವಿಧಾಯಕ ಮತ್ತು ವರ್ಣನಾತ್ಮಕ ಪಕ್ಷಗಳ ಹೋರಾಟವೆಂದು ನಿರೂಪಿಸುವುದು ವಾಡಿಕೆ. ಮೂಲಗ್ರಂಥಗಳನ್ನು ಪರಿಶೀಲಿಸಿದರೆ ಈ ವಿಭಜನೆ ಅಷ್ಟು ಸರಳವಲ್ಲವೆಂಬುದು ಮನವರಿಕೆಯಾಗುತ್ತದೆ.

1747ರಲ್ಲಿ ತನ್ನ ನಿಘಂಟಿನ ಯೋಜನೆಯನ್ನು ಪ್ರಕಟಿಸಿದಾಗ ಸ್ಯಾಮ್ಯುಯೆಲ್ ಜಾನ್ಸನ್‌ಗೆ ಇಂಗ್ಲಿಷನ್ನು ಸ್ಥಿರಗೊಳಿಸುವ ಹಂಬಲವಿತ್ತು. ಆದರೆ ಜೀವಂತ ಭಾಷೆಯ ಬದಲಾವಣೆಯನ್ನು ನಿಘಂಟುಕಾರ ತಡೆಯಲಾರನೆಂದು 1755ರ ನಿಘಂಟಿನ ಮುನ್ನುಡಿಯಲ್ಲಿ ಆತನೇ ಒಪ್ಪಿಕೊಂಡ. ಜೋಸೆಫ್ ಪ್ರೀಸ್ಟ್ಲಿ 1761ರ ತನ್ನ ವ್ಯಾಕರಣದಲ್ಲಿ ಬಳಕೆಗೆ ಪ್ರಾಮಾಣ್ಯ ನೀಡಿದ. ಮರುವರ್ಷವೇ ರಾಬರ್ಟ್ ಲೌತ್ ಪ್ರಸಿದ್ಧ ಲೇಖಕರ ವಾಕ್ಯಗಳಲ್ಲಿಯೂ ದೋಷಗಳನ್ನು ಎತ್ತಿ ತೋರಿಸಿದ. ಆದರೂ ವಾಕ್ಯಾಂತ್ಯದಲ್ಲಿ ಪ್ರಿಪೊಸಿಷನ್ ಬರುವುದನ್ನು ಲೌತ್ ನಿಷೇಧಿಸಲಿಲ್ಲ. ಅದು ಆಡುಮಾತಿಗೂ ಸಲಿಗೆಯ ಬರವಣಿಗೆಗೂ ಹೊಂದುತ್ತದೆ, ಗಂಭೀರ ಶೈಲಿಗೆ ಅದನ್ನು ಮೊದಲೇ ಇರಿಸುವುದು ಲೇಸು ಎಂದಷ್ಟೇ ಸೂಚಿಸಿದ. ಶೈಲಿಯನ್ನು ಕುರಿತ ಈ ವಿವೇಚನೆ ಕಾಲಾಂತರದಲ್ಲಿ ಶಾಲೆಗಳಲ್ಲಿ ಕಟ್ಟಾಜ್ಞೆಯಾಯಿತು.

ವರ್ಣನಾತ್ಮಕ ಪಕ್ಷದ ತೊಡಕು 1961ರಲ್ಲಿ ಫಿಲಿಪ್ ಗೋವ್ ಸಂಪಾದಿಸಿದ ‘ವೆಬ್‌ಸ್ಟರ್ಸ್ ಥರ್ಡ್’ ನಿಘಂಟಿನಲ್ಲಿ ಗೋಚರಿಸುತ್ತದೆ. ‘ಏಂಟ್’ ಎಂಬ ರೂಪವನ್ನು ಹಲವರು ಒಪ್ಪದಿದ್ದರೂ ಅಮೆರಿಕದ ಸುಶಿಕ್ಷಿತರಲ್ಲಿ ಅನೇಕರು ಮಾತಿನಲ್ಲಿ ಅದನ್ನು ಬಳಸುತ್ತಾರೆಂದು ಅದು ದಾಖಲಿಸಿತು. ದಾಖಲೆಯನ್ನೇ ಅನುಮೋದನೆಯೆಂದು ಭಾವಿಸಿದ ಪತ್ರಿಕೆಗಳು ಅದನ್ನು ತೀವ್ರವಾಗಿ ಖಂಡಿಸಿದವು. ಈ ಖಂಡನೆಯಲ್ಲಿ ಅಪಗ್ರಹಿಕೆಯಿತ್ತು, ನಿಜ. ಆದರೆ ‘ಸುಶಿಕ್ಷಿತರು’ ಎಂಬ ವರ್ಗೀಕರಣವೂ ಒಂದು ಮೌಲ್ಯನಿರ್ಣಯವೇ. ಯಾರ ಬಳಕೆಯನ್ನು ಲಕ್ಷ್ಯವಾಗಿ ಸ್ವೀಕರಿಸಬೇಕೆಂಬ ಆಯ್ಕೆಯಿಲ್ಲದೆ ಯಾವ ವರ್ಣನೆಯೂ ಆರಂಭವಾಗದು.

ಈ ಆಯ್ಕೆಯ ಸಾಮಾಜಿಕ ಪರಿಣಾಮವನ್ನು ವಿಲಿಯಂ ಲೆಬೋವ್ 1969ರ ತಮ್ಮ ಪ್ರಬಂಧದಲ್ಲಿ ಬಯಲಿಗೆಳೆದರು. ಎರಡು ನಿಷೇಧಗಳು ಸೇರಿದರೆ ವಿಧ್ಯರ್ಥವಾಗುತ್ತದೆಂಬುದು ಹದಿನೆಂಟನೆಯ ಶತಮಾನದ ವೈಯಾಕರಣರ ತರ್ಕ. ಆದರೆ ‘ಐ ಡೋಂಟ್ ನೋ ನಥಿಂಗ್’ ಎಂಬುದನ್ನು ಕೇಳಿದ ಯಾವ ಇಂಗ್ಲಿಷ್ ಭಾಷಿಕನೂ ‘ನನಗೆ ಏನೋ ಗೊತ್ತು’ ಎಂದು ಅರ್ಥಮಾಡಿಕೊಳ್ಳುವುದಿಲ್ಲ. ಆಫ್ರಿಕನ್ ಅಮೆರಿಕನ್ನರ ಇಂಗ್ಲಿಷಿನಲ್ಲಿ ಈ ನಿಷೇಧದ್ವಯ ನಿಯಮಬದ್ಧವಾದುದು. ಅದನ್ನು ತರ್ಕಹೀನವೆಂದು ಬಗೆದವರು ಆ ಮಕ್ಕಳ ಆಲೋಚನಾಶಕ್ತಿಯನ್ನೇ ಶಂಕಿಸಿದ್ದರು.

ಶಿಷ್ಟ ಇಂಗ್ಲಿಷನ್ನು ಕಲಿಸುವುದಕ್ಕೆ ಇದರಿಂದ ಬಾಧೆಯೇನಿಲ್ಲ. ಉದ್ಯೋಗ, ನ್ಯಾಯಾಲಯ, ಶಿಕ್ಷಣಗಳಲ್ಲಿ ಅದು ಬೇಕಾದುದರಿಂದ ಅದನ್ನು ಕಲಿಸದಿರುವುದೂ ಅನ್ಯಾಯವೇ. ಆದರೆ ಆ ಪ್ರಯೋಜನ ಸಾಮಾಜಿಕವಾದುದು. ಉಳಿದ ಪ್ರಭೇದಗಳ ನ್ಯೂನತೆಗೆ ಅದು ಪ್ರಮಾಣವಾಗಲಾರದು. ವಿಧಿಸುವವರು ತಮ್ಮ ವಿಧಿಯ ಪ್ರಯೋಜನವನ್ನೂ, ವರ್ಣಿಸುವವರು ತಮ್ಮ ಆಯ್ಕೆಯ ಆಧಾರವನ್ನೂ ಸ್ಪಷ್ಟಪಡಿಸಿದಾಗ ಮಾತ್ರ ಈ ಚರ್ಚೆಗೆ ಶಾಸ್ತ್ರೀಯ ತಳಹದಿ ದೊರೆಯುತ್ತದೆ.