ಕಾಲಯಾನದ ಕಥನ, ದಾಖಲೆಯ ಅಧಿಕಾರ ಮತ್ತು ಬೇಗೂರಿನ ವೀರಗಲ್ಲು

ವರ್ತಮಾನದ ಮನುಷ್ಯನೊಬ್ಬ ಗತಕಾಲವನ್ನು ಪ್ರವೇಶಿಸುವ ಕಥನಗಳು, ಚರಿತ್ರೆಯ ಬಗೆಗೆ ಒಂದು ಸಮಾಜ ತಳೆದಿರುವ ಧೋರಣೆಯನ್ನು ಸ್ಪಷ್ಟಪಡಿಸುತ್ತವೆ. ಗತವನ್ನು ಕುರಿತು ಆ ಯಾತ್ರಿಕನಿಗೆ ಏನು ಗೊತ್ತಿದೆ, ಆ ತಿಳಿವಳಿಕೆ ಯಾರ ದಾಖಲೆಯಿಂದ ಬಂದಿದೆ ಎಂಬ ಪ್ರಶ್ನೆಗಳು ಇಲ್ಲಿ ಮುಖ್ಯವಾಗುತ್ತವೆ. ಪ್ರಾಚೀನ ಚೀನಾವನ್ನು ಹಿನ್ನೆಲೆಯಾಗಿಸಿಕೊಂಡ ಒಂದು ಕಿರುತೆರೆ ಧಾರಾವಾಹಿಯನ್ನು ಬೆಂಗಳೂರಿನ ಹೊರವಲಯದ ಶಾಸನವೊಂದರ ಎದುರು ಇರಿಸಿದಾಗ ಈ ಪ್ರಶ್ನೆಗಳು ಇನ್ನಷ್ಟು ಖಚಿತಗೊಳ್ಳುತ್ತವೆ.

ಹಾಂಗ್‌ಕಾಂಗ್‌ನ ಟಿ.ವಿ.ಬಿ. ವಾಹಿನಿ 2001ರಲ್ಲಿ ಪ್ರಸಾರ ಮಾಡಿದ 'ಎ ಸ್ಟೆಪ್ ಇಂಟು ದ ಪಾಸ್ಟ್' 40 ಕಂತುಗಳ ಧಾರಾವಾಹಿ. ಹುವಾಂಗ್ ಯೀ ಅವರ ಕಾದಂಬರಿ ಇದಕ್ಕೆ ಆಧಾರ. ಇಪ್ಪತ್ತೊಂದನೆಯ ಶತಮಾನದ ಪೊಲೀಸ್ ಅಧಿಕಾರಿ ಹೊಂಗ್ ಸಿಯುಲುಂಗ್, ಚಿನ್ ರಾಜ್ಯದ ಯಿಂಗ್ ಝೆಂಗನ ಪಟ್ಟಾಭಿಷೇಕವನ್ನು ನೋಡಿ ಮರಳಬೇಕೆಂಬ ಉದ್ದೇಶದಿಂದ ಗತಕ್ಕೆ ಕಳುಹಿಸಲ್ಪಡುತ್ತಾನೆ. ಆದರೆ ನಿಜವಾದ ಯಿಂಗ್ ಝೆಂಗ್ ಬದುಕಿಲ್ಲ. ನಾಯಕನ ಶಿಷ್ಯನಾದ ಝಾವೋ ಪಾನ್ ಆ ಹೆಸರನ್ನು ಹೊತ್ತು ಸಿಂಹಾಸನವೇರುತ್ತಾನೆ. ಚರಿತ್ರೆಯ ಹೊರರೂಪ ಹಾಗೆಯೇ ಉಳಿಯುತ್ತದೆ. ಅದರ ಒಳಗಿನ ವ್ಯಕ್ತಿ ಬದಲಾಗುತ್ತಾನೆ.

ಧಾರಾವಾಹಿಯ ನಿಜವಾದ ಸಾಧನೆ ಇರುವುದು ಅದರ ಅಂತ್ಯದಲ್ಲಿ. ಚಕ್ರವರ್ತಿಯಾದ ಶಿಷ್ಯ ತನ್ನ ಗುರುವಿನ ಹೆಸರು ಎಲ್ಲಿಯೂ ಉಳಿಯದಂತೆ ಗ್ರಂಥಗಳನ್ನು ಸುಡಿಸುತ್ತಾನೆ. ಕ್ರಿ.ಪೂ. 213ರ ಗ್ರಂಥದಹನವೆಂಬ ಚಾರಿತ್ರಿಕ ಘಟನೆಗೆ ಕಥನವು ಕಲ್ಪಿಸುವ ಕಾರಣ ಇದು. ನಾಯಕನ ಮಗ ಮುಂದೆ ಶಿಯಾಂಗ್ ಯೂ ಎಂಬ ಹೆಸರು ತಳೆಯುತ್ತಾನೆ. ಚಿನ್ ಸಾಮ್ರಾಜ್ಯದ ಪತನಕ್ಕೆ ಕಾರಣನಾದ ವೀರನ ಹೆಸರದು. ಯಾತ್ರಿಕನ ಹೆಸರು ಚರಿತ್ರೆಯಲ್ಲಿ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ, ಅಧಿಕಾರವೇ ಅದನ್ನು ಅಳಿಸಿತು ಎಂಬ ಉತ್ತರ ದೊರೆಯುತ್ತದೆ. ಚೀನಾದ ಪ್ರಸಾರ ಆಡಳಿತವು 2011ರಲ್ಲಿ ಕಾಲಯಾನದ ಧಾರಾವಾಹಿಗಳನ್ನು, ಅವು ಚರಿತ್ರೆಯನ್ನು ಹಗುರವಾಗಿ ಕಾಣುತ್ತವೆಂದು ಟೀಕಿಸಿದ್ದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಹಗುರವೆನಿಸಿದ ಈ ಪ್ರಕಾರ ದಾಖಲೆಯ ಒಡೆತನ ಯಾರದೆಂಬ ಗಂಭೀರ ಪ್ರಶ್ನೆಯನ್ನು ಎತ್ತಿತ್ತು.

ಆದರೆ ಈ ಕಥನಕ್ಕೆ ಒಂದು ಪೂರ್ವಸಿದ್ಧತೆ ಬೇಕು. ಅರಸರ ಕಾಲಾನುಕ್ರಮಣಿಕೆ ನಾಯಕನಿಗೂ ಪ್ರೇಕ್ಷಕನಿಗೂ ಮೊದಲೇ ತಿಳಿದಿರಬೇಕು. ಸಿಂಗೀತಂ ಶ್ರೀನಿವಾಸರಾವ್ ಅವರ ತೆಲುಗು ಚಿತ್ರ 'ಆದಿತ್ಯ 369' (1991) ಕಾಲಯಂತ್ರವನ್ನು ಕೃಷ್ಣದೇವರಾಯನ ವಿಜಯನಗರಕ್ಕೇ ಒಯ್ಯುವುದು ಇದರಿಂದಲೇ. ಆ ಆಸ್ಥಾನ ಪ್ರೇಕ್ಷಕನಿಗೆ ಪೂರ್ವಪರಿಚಿತ. ಕನ್ನಡದಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ 'ಬ್ಲಿಂಕ್' (2024) ಬೇರೆ ದಾರಿ ಹಿಡಿದು, ಅರಸರ ಕಾಲವನ್ನು ಬಿಟ್ಟು ನಾಯಕನ ಕುಟುಂಬದ ಸಮೀಪಗತಕ್ಕೆ ಮರಳುತ್ತದೆ. ಆಸ್ಥಾನ ಮತ್ತು ಮನೆ ಇವೆರಡರ ನಡುವೆ ಊರಿನ ಚರಿತ್ರೆ ಎಂಬುದೊಂದಿದೆ. ಕಾಲಯಾನದ ಈ ಕಥನಗಳು ಅದನ್ನು ಮುಟ್ಟಿಲ್ಲ.

ಆ ಚರಿತ್ರೆಗೆ ಬೇಗೂರು ಒಳ್ಳೆಯ ನಿದರ್ಶನ. ಅದರ ದಕ್ಷಿಣಕ್ಕಿರುವ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಸ್ಥಾಪಿಸಿತು. ವೈಟ್‌ಫೀಲ್ಡ್‌ನ ಕಥೆಯನ್ನು 1882ರ ಆಂಗ್ಲೋ ಇಂಡಿಯನ್ ವಸಾಹತಿನಿಂದ ಆರಂಭಿಸುವಂತೆ, ಈ ಭಾಗದ ಕಥೆಯನ್ನು 1978ರಿಂದ ಆರಂಭಿಸುವುದು ರೂಢಿ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಸು. ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲು 'ಬೆಂಗಳೂರು ಕಾಳಗ'ವನ್ನು ಉಲ್ಲೇಖಿಸುತ್ತದೆ. ಬೇಗೂರಿನಿಂದಲೇ ಬೆಂಗಳೂರಿನ ವಸ್ತುಸಂಗ್ರಹಾಲಯ ಸೇರಿರುವ ಮತ್ತೊಂದು ವೀರಗಲ್ಲು, ಎರೆಯಪ್ಪನ ಆಜ್ಞೆಯಂತೆ ಬೀರಮಹೇಂದ್ರನ ವಿರುದ್ಧ ಕಾದಿ ತುಂಬೆಪಾದಿಯಲ್ಲಿ ಮಡಿದ ನಾಗತ್ತರನನ್ನು ಸ್ಮರಿಸುತ್ತದೆ. ಅನಂತರ ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಡಲಾಯಿತು. ಆ ಊರುಗಳ ಪಟ್ಟಿಯಲ್ಲಿ ಬರುವ ತೊವಗೂರು ಎಂಬ ಹೆಸರು ಇಂದಿನ ದೊಡ್ಡತೋಗೂರನ್ನು ನೆನಪಿಸುತ್ತದೆ.

ಈ ಕಾಳಗಕ್ಕೆ ಕಾಲಯಾತ್ರಿಕನೊಬ್ಬ ಬಂದನೆಂದು ಭಾವಿಸಿದರೆ ಅವನ ಪೂರ್ವಜ್ಞಾನ ಕೆಲವೇ ಸಾಲುಗಳಷ್ಟು. ಹೊಂಗ್‌ನಂತೆ ಅವನು ಫಲಿತಾಂಶವನ್ನು ಬಲ್ಲವನಾಗಿ ಬರಲಾರ; ಕಲಿಯಬೇಕಾದವನಾಗಿ ಬರಬೇಕಾಗುತ್ತದೆ. ಆಧುನಿಕನೇ ಗುರು, ಪ್ರಾಚೀನನೇ ಶಿಷ್ಯ ಎಂಬ ಚೀನೀ ಧಾರಾವಾಹಿಯ ವಿನ್ಯಾಸವು ಇಲ್ಲಿ ತಲೆಕೆಳಗಾಗುತ್ತದೆ. ಹಾಗೆಂದು ವೀರಗಲ್ಲನ್ನು ಜನಸಾಮಾನ್ಯರ ನಿರ್ಮಲ ದಾಖಲೆಯೆಂದು ವೈಭವೀಕರಿಸುವಂತಿಲ್ಲ. ಅದೂ ಒಡೆಯನ ಆಜ್ಞೆ, ಪಟ್ಟ ಹಾಗೂ ದತ್ತಿಗಳನ್ನೇ ಮುಂದಿಡುತ್ತದೆ. ಹನ್ನೆರಡು ಊರುಗಳ ಹೆಸರು ಹೇಳಿ, ಅಲ್ಲಿ ಉತ್ತು ಬಿತ್ತಿದವರ ಬಗೆಗೆ ಮೌನ ತಾಳುತ್ತದೆ. ಚಿನ್ ಚಕ್ರವರ್ತಿ ಸುಟ್ಟು ಅಳಿಸಿದ. ಇಲ್ಲಿ ಬರೆಯದೆ ಬಿಟ್ಟದ್ದೇ ಅಳಿವಿಗೆ ಕಾರಣವಾಯಿತು.

ಹೊರವಲಯದ ಕೆರೆ, ಗದ್ದೆ, ಗುಡಿಗಳ ನೆಲೆ ಬದಲಾದಂತೆ ಶಾಸನಶಿಲೆಗಳೂ ನೆಲೆ ತಪ್ಪುತ್ತಿವೆ. ಮಿಥಿಕ್ ಸೊಸೈಟಿ ಕೈಗೊಂಡಿರುವ, ಬೆಂಗಳೂರು ಸೀಮೆಯ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆ ಈ ದೃಷ್ಟಿಯಿಂದ ಮಹತ್ವದ್ದು. ಅಕ್ಷರ ಉಳಿದರೆ ಸಾಲದು, ಆ ಅಕ್ಷರ ನಿಂತಿದ್ದ ಊರಿನ ಕಲ್ಪನೆಯೂ ಉಳಿಯಬೇಕು. ಆ ಕೆಲಸ ಕಥನದ್ದು. ಕನ್ನಡದ ಕಿರುತೆರೆ ಎಂದಾದರೂ ಕಾಲಯಾನದ ಕಥೆಗೆ ಕೈಹಾಕುವುದಾದರೆ ಅದಕ್ಕೆ ಸಿಂಹಾಸನವೇ ಬೇಕೆಂದಿಲ್ಲ. ತೊವಗೂರಿನ ಒಂದು ಹೊಲ ಸಾಕು.