ಸಮುದ್ರ ಕಾಪಾಡಿದ ಬಕ್‌ವೀಟ್

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾಡಿರುವ ಕನ್ನಡಿಗರು ಅಂಗಳಕ್ಕೆ ಯಾವ ಗಿಡ ಹಾಕೋಣ ಎಂದು ಕೇಳಿದರೆ, ಗುಲಾಬಿ, ಲ್ಯಾವೆಂಡರ್‌ಗಳಿಗಿಂತ ಮೊದಲು ನನ್ನ ನಾಲಿಗೆಗೆ ಬರುವುದು ಒಂದು ಕಾಡು ಬಕ್‌ವೀಟ್‌ನ ಹೆಸರು: ಎರಿಯೊಗೊನಮ್ ಜೈಗ್ಯಾಂಟಿಯಂ. ಅಲ್ಲಿಯವರ ಬಾಯಲ್ಲಿ ಸೇಂಟ್ ಕ್ಯಾಥರೀನ್ಸ್ ಲೇಸ್. ಉತ್ತರ ಭಾರತದಲ್ಲಿ ವ್ರತದ ದಿನ ಪೂರಿ ಮಾಡುವ ಕುಟ್ಟು ಹಿಟ್ಟಿನ ಗಿಡವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ನಂಟು ಮಾತ್ರ ದೂರದ್ದು.

ಲಾಸ್ ಏಂಜಲೀಸ್ ಕರಾವಳಿಯಿಂದ ಸುಮಾರು 35 ಕಿ.ಮೀ. ಆಚೆಯ ಸಾಂತಾ ಕ್ಯಾಟಲಿನಾ ದ್ವೀಪ ಇದರ ತವರು. ಸ್ಯಾನ್ ಕ್ಲೆಮೆಂಟೆ ದ್ವೀಪದಲ್ಲಿ ಒಂದು, ಪುಟ್ಟ ಸಾಂತಾ ಬಾರ್ಬರಾ ದ್ವೀಪದಲ್ಲಿ ಇನ್ನೊಂದು ಉಪಬಗೆ ಇದೆ. ಎದುರಿನ ಮುಖ್ಯನೆಲದ ಗುಡ್ಡಗಳಲ್ಲಿ ಸಾಮಾನ್ಯ ಕಾಡು ಬಕ್‌ವೀಟ್ ಸೊಂಟದೆತ್ತರಕ್ಕೆ ನಿಂತುಬಿಡುತ್ತದೆ. ದ್ವೀಪದ್ದು ಆಳೆತ್ತರ ಮೀರಿ ಬೆಳೆಯುತ್ತದೆ. ಅಲ್ಲಿ ಅದಕ್ಕೆ ಕೊರೆಯುವ ಚಳಿಯಿಲ್ಲದ ಕಡಲ ಹವೆಯ ಅನುಕೂಲ. ಮನುಷ್ಯ ಆಡುಗಳನ್ನೂ ಆಮೇಲೆ ಜಿಂಕೆಗಳನ್ನೂ ತಂದುಬಿಡುವವರೆಗೆ ಮೇಯಲು ದೊಡ್ಡ ಪ್ರಾಣಿಗಳಿರಲಿಲ್ಲ.

ಎಲೆಗೆ ಬೂದಿ ಬಳಿದಂಥ ಹಸಿರು, ಅಡಿಯಲ್ಲಿ ಬಿಳಿ ತುಪ್ಪುಳು. ಬೇಸಿಗೆ ಹತ್ತಿದಾಗ ಕವಲೊಡೆದ ತೊಟ್ಟುಗಳ ಮೇಲೆ ಊಟದ ತಟ್ಟೆಗಿಂತ ಅಗಲದ ಹೂಗೊಂಚಲು ಚಪ್ಪಟೆಯಾಗಿ ಹರಡುತ್ತದೆ. ಬಿಡಿ ಹೂವು ಕೆಲವೇ ಮಿಲಿಮೀಟರ್. ಜೇನ್ನೊಣ, ಚಿಟ್ಟೆ, ಕಣಜಗಳಿಗೆ ಅಲ್ಲಿ ಇಡೀ ದಿನ ಸಂತೆ. ಮೊದಲು ಕೆನೆಬಿಳಿ, ಆಮೇಲೆ ನಸುಗೆಂಪು, ಕೊನೆಗೆ ತುಕ್ಕಿನ ಕಂದು. ಈ ಕಂದಿಗೇ ನಾನು ಮನಸೋತವನು. ಬಾಡಿತೆಂದು ಕತ್ತರಿ ಎತ್ತಿಕೊಳ್ಳುವವರು ಗಿಡದ ಅರ್ಧ ಚೆಲುವನ್ನೇ ಕಳೆದುಕೊಳ್ಳುತ್ತಾರೆ. ಆ ಬಣ್ಣ ತಿಂಗಳುಗಟ್ಟಲೆ ನಿಲ್ಲುತ್ತದೆ, ಬೀಜ ಹಕ್ಕಿಗಳ ಪಾಲಾಗುತ್ತದೆ.

ಸಾಕುವುದು ಕಷ್ಟವಲ್ಲ. ಇಡೀ ದಿನದ ಬಿಸಿಲು, ನೀರು ನಿಲ್ಲದ ಮಣ್ಣು, ಅಕ್ಕಪಕ್ಕ ಎರಡು ಮೀಟರ್ ಜಾಗ. ಚಳಿಗಾಲದ ಮಳೆಗೆ ಮುಂಚೆ ನೆಡಿ. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ನೀರಿನ ಪೈಪು ಮುಟ್ಟದಿರುವುದೇ ಆರೈಕೆ. ಬಿಸಿಯಾದ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಬೆಂಗಳೂರಿನ ಗೆಳೆಯರು ಬೀಜ ತರಿಸುವ ಆಸೆ ಬಿಡುವುದು ಒಳ್ಳೆಯದು. ಇದು ಒಣಗಿರಬೇಕಾದ ತಿಂಗಳುಗಳಲ್ಲೇ ನಮ್ಮ ಮುಂಗಾರು ಸುರಿಯುತ್ತದೆ. ನಮ್ಮ ಗೇಟುಗಳ ಮೇಲೆ ಗುಲಾಬಿ ಬಣ್ಣದ ಗೊಂಚಲು ಬಿಡುವ ಆಂಟಿಗೊನಾನ್ ಬಳ್ಳಿ ಇದರದೇ ಕುಟುಂಬದ್ದು. ಅದನ್ನು ನೋಡಿ ಸಂತೋಷಪಡೋಣ.

ನನ್ನನ್ನು ಕಾಡುವ ಸಂಗತಿ ಬೇರೆಯೇ ಇದೆ. ಉತ್ತರದ ಸಾಂತಾ ಕ್ರೂಜ್, ಸಾಂತಾ ರೋಸಾ, ಅನಕಾಪಾ ದ್ವೀಪಗಳಲ್ಲಿ ಎರಿಯೊಗೊನಮ್ ಆರ್ಬೊರೆಸೆನ್ಸ್ ಎಂಬ ಇನ್ನೊಂದು ಬಕ್‌ವೀಟ್ ಇದೆ. ಎಲೆ ಕಿರಿದು, ಹೂವಿಗೆ ಹೆಚ್ಚು ಕೆಂಪು. ಕಾಡಿನಲ್ಲಿ ಇವೆರಡೂ ಭೇಟಿಯಾಗುವಂತಿಲ್ಲ, ನಡುವೆ ಸಮುದ್ರವಿದೆ. ಆದರೆ ತೋಟದಲ್ಲಿ ಪಕ್ಕಪಕ್ಕ ನೆಟ್ಟಾಗ ಜೇನ್ನೊಣಗಳು ಆ ಅಂತರವನ್ನು ಕ್ಷಣದಲ್ಲಿ ದಾಟುತ್ತವೆ. ಹಾಗೆ ಹುಟ್ಟಿದ ಮಿಶ್ರತಳಿಗೆ ಬ್ಲಿಸಿಯಾನಮ್ ಎಂಬ ಹೆಸರೂ ಇದೆ. ಅದೂ ಚೆಂದವೇ. ಆದರೆ ಬಿದ್ದ ಬೀಜದಿಂದ ಏಳುವ ಸಸಿ ಯಾವ ದ್ವೀಪದ್ದೂ ಆಗಿರುವುದಿಲ್ಲ. ಕಾಡು ಬಕ್‌ವೀಟ್ ಬೆಳೆದ ಗುಡ್ಡಗಳ ಪಕ್ಕದಲ್ಲಿ ಇಂಥ ಬೆರಕೆ ನಡೆದರೆ ಸಾವಿರಾರು ವರ್ಷ ಬೇರೆಬೇರೆಯಾಗಿ ಉಳಿದ ವಂಶಗಳು ಕಲಸಿಹೋಗಬಹುದು. ಸಂಗ್ರಹದ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಈ ಬಳಗದ ವಿಷಯದಲ್ಲಿ ಎಲ್ಲವನ್ನೂ ಕೂಡಿಹಾಕುವವನಿಗಿಂತ ಒಂದನ್ನೇ ಚೆನ್ನಾಗಿ ಬೆಳೆಸುವವನು ದೊಡ್ಡ ತೋಟಗಾರ.

ಕ್ಯಾಟಲಿನಾಕ್ಕೆ ಹೋದರೆ ಆವಲಾನ್ ಊರಿನ ರಿಗ್ಲಿ ಸಸ್ಯೋದ್ಯಾನದಲ್ಲಿ ದ್ವೀಪದ ಗಿಡಗಳನ್ನು ನೋಡಿ ಬನ್ನಿ. ಕೊಳ್ಳುವಾಗ ನರ್ಸರಿಯವರನ್ನು ಬೀಜ ಎಲ್ಲಿಯದು ಎಂದು ಕೇಳಿ. ನಿಮ್ಮ ಬೇಲಿಯಾಚೆ ಕಾಡು ಬಕ್‌ವೀಟ್‌ನ ಗುಡ್ಡವಿದ್ದರೆ ದ್ವೀಪದ್ದನ್ನು ನೆಡಲೇಬೇಡಿ; ಊರ ನಡುವಿನ ಅಂಗಳವಾದರೆ ಒಂದೇ ಬಗೆ ಆರಿಸಿಕೊಳ್ಳಿ.